ರಕ್ಕಸನ ಕೋಟೆಯೂ ಆಟಗಾರರ ತಕರಾರೂ

ಈ ಪುಟಗಳಲ್ಲಿ ಪುಸ್ತಕದ ವಿಮರ್ಶೆ ಬರುವುದುಂಟು, ನಾಟಕದ ವಿಮರ್ಶೆ ಬರುವುದುಂಟು, ತಾಳಮದ್ದಳೆಯ ಅರ್ಥಗಾರಿಕೆಯ ಬಗ್ಗೆಯಂತೂ ವರ್ಷಕ್ಕೆ ನಾಲ್ಕು ಸಲವಾದರೂ ವಾದ ನಡೆಯುವುದುಂಟು. ವೀಡಿಯೋ ಆಟವೊಂದರ ವಿಮರ್ಶೆ ಬರೆಯುತ್ತೇವೆಂದಾಗ ಸಂಪಾದಕರು ಕನ್ನಡಕ ತೆಗೆದು ನಮ್ಮನ್ನೊಮ್ಮೆ ನೋಡಿದರು. "ಅದರಲ್ಲಿ ವಿಮರ್ಶೆ ಮಾಡುವಂಥದ್ದೇನಿದೆ?" ಎಂದರು. ಪ್ರಶ್ನೆ ಸರಿಯಾದದ್ದೇ. ನಾವು ವೃತ್ತಿಯಿಂದ ಕೇಂದ್ರ ಸರಕಾರದ ಗುಮಾಸ್ತರು, ಓದಿನಿಂದ ಬಿ.ಎಸ್‌ಸಿ., ವಯಸ್ಸಿನಿಂದ ನಲವತ್ತು ದಾಟಿದವರು. ದಿನವೂ ಕಾಂದಿವಲಿಯಿಂದ ಕೋಟೆ ಪ್ರದೇಶಕ್ಕೆ ಲೋಕಲ್ ಗಾಡಿಯಲ್ಲಿ ನೇತಾಡಿಕೊಂಡು ಹೋಗಿಬರುವುದೇ ನಮ್ಮ ಜೀವನದ ಸಾಹಸ. ಅಂಥ ನಾವು ಇನ್ನೊಂದು ಕೋಟೆಯ ಬಗ್ಗೆ, ಅದನ್ನು ಹೊಕ್ಕ ಆಟಗಾರರ ಅಭಿಪ್ರಾಯಗಳ ಬಗ್ಗೆ ನಾಲ್ಕು ಮಾತು ಹೇಳಹೊರಟಿರುವುದಕ್ಕೆ ಮನೆಯೊಳಗಿನ ಕಾರಣವೊಂದಿದೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇವೆ.

ಮೊದಲು ಆಟದ ಪರಿಚಯ. ಹೆಸರು 'ಕ್ಯಾಸಲ್‌ವೇನಿಯಾ'. ಜಪಾನಿನ ಕೊನಾಮಿ ಕಂಪನಿ 1986ರ ಸೆಪ್ಟೆಂಬರಿನಲ್ಲಿ ನಿಂಟೆಂಡೋದ ಫ್ಯಾಮಿಕಾಂ ಯಂತ್ರಕ್ಕಾಗಿ ಹೊರತಂದದ್ದು. ಅಲ್ಲಿನ ಹೆಸರನ್ನು ಕನ್ನಡಿಸಿದರೆ 'ರಕ್ಕಸನ ಕೋಟೆಯ ಡ್ರಾಕುಲಾ' ಎಂದಾದೀತು. 1987ರಲ್ಲಿ ಅಮೆರಿಕಕ್ಕೆ ಹೋಗುವಾಗ ಹೆಸರು ಬದಲಾಯಿತು. ಕತೆ ಬಹಳ ಸರಳ. 1691ನೆಯ ಇಸವಿ. ಸೈಮನ್ ಬೆಲ್ಮಾಂಟ್ ಎಂಬ ವೀರ ವಂಶಪಾರಂಪರ್ಯವಾಗಿ ಬಂದ ಚಾವಟಿಯೊಂದನ್ನು ಹಿಡಿದು ಡ್ರಾಕುಲಾನ ಕೋಟೆಯನ್ನು ಒಬ್ಬನೇ ಪ್ರವೇಶಿಸುತ್ತಾನೆ. ಆರು ಭಾಗ, ಒಟ್ಟು ಹದಿನೆಂಟು ಘಟ್ಟ. ಒಂದೊಂದು ಭಾಗದ ಕೊನೆಗೂ ಒಬ್ಬ ದೊಡ್ಡ ವೈರಿ ಕಾದಿರುತ್ತಾನೆ: ದೈತ್ಯ ಬಾವಲಿ, ಹಾವುಗೂದಲಿನ ಮೆಡೂಸಾ, ಈಜಿಪ್ತಿನ ಮಮ್ಮಿಗಳ ಜೋಡಿ, ಫ್ರಾಂಕನ್‌ಸ್ಟೈನನ ಕತೆಯ ವಿಕಾರ ಮನುಷ್ಯ, ಕುಡುಗೋಲು ಹಿಡಿದ ಮೃತ್ಯು, ಕಟ್ಟಕಡೆಗೆ ಡ್ರಾಕುಲಾ. ನಮ್ಮ ಅಜ್ಜಿಯಂದಿರ ಕತೆಯಲ್ಲಿ ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣವಿಟ್ಟ ರಕ್ಕಸನನ್ನು ಹುಡುಕಿ ಹೊರಟ ರಾಜಕುಮಾರನಿಗೂ ಈ ಸೈಮನ್ನನಿಗೂ ಹೆಚ್ಚಿನ ಅಂತರವಿಲ್ಲ. ರಾಜಕುಮಾರನಿಗೆ ದಾರಿ ಹೇಳಲು ಒಬ್ಬ ಮುದುಕಿ ಸಿಗುತ್ತಿದ್ದಳು. ಇವನಿಗೆ ಅವಳೂ ಇಲ್ಲ.

ಪಾಳುಬಿದ್ದ ಕೋಟೆ, ಮಿಣುಕುವ ಮೇಣದಬತ್ತಿ, ಹರಿದ ಪರದೆ, ಗೋಡೆಯಾಚೆಯ ಶವಪೆಟ್ಟಿಗೆ—ಈ ಸಾಮಗ್ರಿಯನ್ನು ಇಂಗ್ಲಿಷಿನವರು ಗಾಥಿಕ್ ಎನ್ನುತ್ತಾರೆ. ಬ್ರಾಮ್ ಸ್ಟೋಕರನ 'ಡ್ರಾಕುಲಾ' 1897ರಲ್ಲಿ ಬಂದಾಗಿನಿಂದ ಇದಕ್ಕೆ ಬರಗಾಲ ಬಂದದ್ದೇ ಇಲ್ಲ. 1979ರ 'ನಾ ನಿನ್ನ ಬಿಡಲಾರೆ' ನೋಡಿ ರಾತ್ರಿ ಒಬ್ಬರೇ ಹೊರಗೆ ಹೋಗಲು ಹೆದರಿದವರಿಗೆ, 1984ರಲ್ಲಿ ಇದೇ ಮುಂಬಯಿಯ ರಾಮ್ಸೇ ಸಹೋದರರು ತೆಗೆದ 'ಪುರಾನಾ ಮಂದಿರ್' ನೋಡಿ ಕಣ್ಣು ಮುಚ್ಚಿಕೊಂಡವರಿಗೆ ಈ ಲೋಕವನ್ನು ಬಿಡಿಸಿ ಹೇಳಬೇಕಿಲ್ಲ. ಆಟ ಮಾಡಿದವರಿಗೂ ಇದು ಸಿನಿಮಾದಿಂದ ಬಂದದ್ದೆಂಬ ಅರಿವಿತ್ತು. ಆಟ ಮುಗಿದಾಗ ಬರುವ ಹೆಸರುಗಳ ಪಟ್ಟಿಯಲ್ಲಿ ಹಳೆಯ ನಟರ ಹೆಸರುಗಳನ್ನೇ ತಿರುಚಿ ತಮಾಷೆ ಮಾಡಿದ್ದಾರೆ. ಡ್ರಾಕುಲಾ ಆಗಿ ಹೆಸರಾದ ಕ್ರಿಸ್ಟಫರ್ ಲೀ ಅಲ್ಲಿ 'ಕ್ರಿಸ್ಟಫರ್ ಬೀ' ಆಗಿದ್ದಾನೆ; ಬೋರಿಸ್ ಕಾರ್ಲಾಫ್ 'ಬೋರಿಸ್ ಕಾರ್ಲಾಫೀಸ್' ಆಗಿದ್ದಾನೆ. ಆಫೀಸಿನವರಾದ ನಮಗೆ ಈ ಎರಡನೆಯ ಹೆಸರು ವಿಶೇಷ ಪ್ರೀತಿಯದು.

ಈ ಆಟವನ್ನು ನಾವು ಮೊದಲು ಕಂಡದ್ದು ಹುಡುಗರಾಗಿದ್ದಾಗ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಕಾಂದಿವಲಿ ಸ್ಟೇಷನ್ನಿನ ಹತ್ತಿರದ ಒಂದು ಸಣ್ಣ ಅಂಗಡಿಯಲ್ಲಿ. ಆಗ ಮೀಡಿಯಾ, ಸಮುರಾಯ್ ಮುಂತಾದ ಹೆಸರಿನ ಪೆಟ್ಟಿಗೆಗಳು ಬಂದಿದ್ದವು. ನಾವು ಅದನ್ನು 'ಟೀವಿ ಗೇಮ್' ಎನ್ನುತ್ತಿದ್ದೆವು. ಕಾರ್ಟ್ರಿಜ್ಜಿಗೆ 'ಕ್ಯಾಸೆಟ್' ಎಂದೂ ಕೈಯಲ್ಲಿ ಹಿಡಿಯುವ ಗುಂಡಿಗಳಿಗೆ 'ರಿಮೋಟ್' ಎಂದೂ ಹೆಸರು. ಕೊಂಡು ತರುವ ಶಕ್ತಿಯಿದ್ದವರು ಲ್ಯಾಮಿಂಗ್ಟನ್ ರಸ್ತೆಗೋ ಮನೀಷ್ ಮಾರ್ಕೆಟ್ಟಿಗೋ ಹೋಗುತ್ತಿದ್ದರು. ಇಲ್ಲದವರು ಅಂಗಡಿಯಲ್ಲಿ ಗಂಟೆಗೆ ಐದು ರೂಪಾಯಿ ಕೊಟ್ಟು, ಅದನ್ನೂ ಇಬ್ಬರು ಹಂಚಿಕೊಂಡು ಆಡುತ್ತಿದ್ದೆವು. ಒಂದೇ ಕ್ಯಾಸೆಟ್ಟಿನಲ್ಲಿ ಸಾವಿರಗಟ್ಟಲೆ ಆಟ ಎಂದು ಬರೆದಿರುತ್ತಿತ್ತು. ಎಣಿಸಿದರೆ ಹತ್ತೋ ಹನ್ನೆರಡೋ ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಮರಳಿ ಮರಳಿ ಬರುತ್ತಿದ್ದವು. ಮಾರಿಯೋ, ಕಾಂಟ್ರಾ, ರೋಡ್ ಫೈಟರ್ ಎಲ್ಲರಿಗೂ ಬೇಕು. ಈ ಕೋಟೆಯ ಕ್ಯಾಸೆಟ್ ಮಾತ್ರ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಕಾರಣ ಸ್ಪಷ್ಟ: ಐದು ರೂಪಾಯಿ ಕೊಟ್ಟವನಿಗೆ ಹತ್ತು ನಿಮಿಷದಲ್ಲಿ ಸತ್ತು ಮತ್ತೆ ಮೊದಲಿನಿಂದ ಹೊರಡುವುದು ಪೂರೈಸುವುದಿಲ್ಲ. ನಾವು ಎರಡು ಸಲ ಆಡಿ, ಎರಡೂ ಸಲ ಮೆಡೂಸಾಳವರೆಗೂ ಹೋಗಲಾರದೆ ಬಿಟ್ಟೆವು.

ಮೂವತ್ತು ವರ್ಷಗಳ ಬಳಿಕ ಕೋಟೆ ಮತ್ತೆ ನಮ್ಮ ಮನೆಗೇ ಬಂತು. 2018ರ ಮೇ ತಿಂಗಳಲ್ಲಿ ಇಂಟಿ ಕ್ರಿಯೇಟ್ಸ್ ಎಂಬ ಜಪಾನಿನ ಸಂಸ್ಥೆ 'ಬ್ಲಡ್‌ಸ್ಟೇನ್ಡ್: ಕರ್ಸ್ ಆಫ್ ದ ಮೂನ್' ಎಂಬ ಆಟವನ್ನು ಹೊರತಂದಿತ್ತು. ಕ್ಯಾಸಲ್‌ವೇನಿಯಾದ ಎಷ್ಟೋ ಆಟಗಳನ್ನು ನಡೆಸಿಕೊಂಡು ಬಂದಿದ್ದ ಕೋಜಿ ಇಗರಾಶಿ ಕೊನಾಮಿಯನ್ನು ಬಿಟ್ಟ ಮೇಲೆ, 2015ರಲ್ಲಿ ಸಾರ್ವಜನಿಕರಿಂದ ವಂತಿಗೆ ಎತ್ತಿ 55 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. ವಂತಿಗೆ ಕೊಟ್ಟವರಿಗೆ ದೊಡ್ಡ ಆಟದ ಜೊತೆಗೆ ಹಳೆಯ ಕಾಲದ ರೀತಿಯ ಸಣ್ಣ ಆಟವೊಂದನ್ನೂ ಕೊಡುವುದಾಗಿ ಮಾತು ಕೊಟ್ಟಿದ್ದರು. ಆ ಮಾತಿನ ಫಲವೇ ಇದು. ಬೇಕೆಂದೇ ಎಂಬತ್ತರ ದಶಕದ ಚಿತ್ರ, ಎಂಬತ್ತರ ದಶಕದ ಸಂಗೀತ, ಎಂಬತ್ತರ ದಶಕದ ಕಷ್ಟ. ಹಳೆಯ ಕ್ಯಾಸಲ್‌ವೇನಿಯಾಗಳನ್ನೂ ಕೊನಾಮಿ 2019ರಲ್ಲಿ ಒಂದು ಸಂಪುಟವಾಗಿ ಮರುಪ್ರಕಟಿಸಿತು. ಒಂಬತ್ತನೆಯ ತರಗತಿಯಲ್ಲಿರುವ ನಮ್ಮ ಮಗ ಎರಡನ್ನೂ ರಿಯಾಯತಿ ದರ ಬಂದಾಗ ನಮ್ಮ ಹಳೆಯ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡ. ನಮ್ಮ ಪಾಲಿಗೆ ಅಂಗಡಿಯ ಐದು ರೂಪಾಯಿಯ ಲೆಕ್ಕ ಕಡೆಗೂ ಚುಕ್ತಾ ಆಗುವ ಸಂಧಿ ಒದಗಿತು.

ಹೊಸ ಆಟ ಪ್ರಾರಂಭವಾಗುವ ಮೊದಲೇ ಒಂದು ಪ್ರಶ್ನೆ ಕೇಳುತ್ತದೆ: 'ವೆಟರನ್' ರೀತಿಯೋ, 'ಕ್ಯಾಶುಯಲ್' ರೀತಿಯೋ? ಮೊದಲನೆಯದರಲ್ಲಿ ಪೆಟ್ಟು ಬಿದ್ದರೆ ವೀರ ಹಿಂದಕ್ಕೆ ಚಿಮ್ಮುತ್ತಾನೆ, ಜೀವಗಳೂ ಎಣಿಕೆಯವು. ಎರಡನೆಯದರಲ್ಲಿ ಹಿಂದಕ್ಕೆ ಚಿಮ್ಮುವುದಿಲ್ಲ, ಜೀವಗಳಿಗೆ ಲೆಕ್ಕವೇ ಇಲ್ಲ. ಮಗ ಎರಡನೆಯದನ್ನು ಆರಿಸಿದ. ಹಿಂದೆ ನಿಂತಿದ್ದ ನಾವು ನಕ್ಕು, "ಇದೆಂಥ ಆಟವೋ? ಇದನ್ನು ಆಡಿದರೂ ಒಂದೇ, ನೋಡಿದರೂ ಒಂದೇ" ಎಂದೆವು. ಅವನ ಗೆಳೆಯರೂ ಅದನ್ನೇ ಹೇಳಿದ್ದರಂತೆ. ಅವನು ಲ್ಯಾಪ್‌ಟಾಪನ್ನು ಮುಚ್ಚಿದ. ಸಿಟ್ಟು ಮಾಡಲಿಲ್ಲ. "ಅಪ್ಪಾ, ಅವತ್ತು ಹಾಲಿನಲ್ಲೂ ನೀವು ಹೀಗೆಯೇ ನಕ್ಕಿರಿ" ಎಂದಷ್ಟೇ ಹೇಳಿ ಎದ್ದುಹೋದ. ಯಾವತ್ತು, ಯಾವ ಹಾಲು ಎಂಬುದು ನಮಗೆ ತಕ್ಷಣ ನೆನಪಾಯಿತು. ಆ ಮಾತು ನಮ್ಮನ್ನು ಕುಟುಕಿದ್ದರಿಂದಲೇ ಈ ಆಟಗಳ ಮುಂದೆ ಕುಳಿತೆವು, ಆಡಿದವರನ್ನೆಲ್ಲ ಮಾತನಾಡಿಸಿದೆವು. ಕಾಲೊನಿಯ ಹುಡುಗರು, ಬೊರಿವಲಿಯ ನಮ್ಮ ಅಕ್ಕನ ಮಗ, ಕಚೇರಿಯಲ್ಲಿ ಊಟದ ಡಬ್ಬಿ ಮುಚ್ಚುವ ಮೊದಲೇ ಮೊಬೈಲ್ ತೆರೆಯುವ ಸಹೋದ್ಯೋಗಿಗಳು—ಎಲ್ಲರಿಗೂ ಒಂದೊಂದು ಅಭಿಪ್ರಾಯವಿದೆ. ಅವುಗಳನ್ನೇ ಒಂದೊಂದಾಗಿ ಪರೀಕ್ಷಿಸೋಣ.

ಮೊದಲ ತಕರಾರು ನೆಗೆತದ ಮೇಲೆ. ಕ್ಯಾಸಲ್‌ವೇನಿಯಾದಲ್ಲಿ ಸೈಮನ್ ಒಮ್ಮೆ ನೆಗೆದನೆಂದರೆ ಮುಗಿಯಿತು. ಗಾಳಿಯಲ್ಲಿ ಅವನ ದಿಕ್ಕನ್ನು ಬದಲಿಸಲಾಗದು. ಕೈ ಬಿಟ್ಟ ಕಲ್ಲಿನ ಹಾಗೆ, ಬಿ.ಎಸ್‌ಸಿ.ಯಲ್ಲಿ ನಾವು ಓದಿದ ಪರವಲಯದ ರೇಖೆಯಲ್ಲೇ ಹೋಗಿ ಬೀಳುತ್ತಾನೆ. "ಹಳೇ ಯಂತ್ರ, ಅಷ್ಟೇ ಆಗುತ್ತಿತ್ತು" ಎನ್ನುತ್ತಾರೆ ಹೊಸ ಹುಡುಗರು. ಈ ವಾದ ನಿಲ್ಲುವುದಿಲ್ಲ. ಇದೇ ಫ್ಯಾಮಿಕಾಂ ಯಂತ್ರದಲ್ಲಿ, ಇದಕ್ಕಿಂತ ಒಂದು ವರ್ಷ ಮುಂಚೆ, 1985ರ ಸೆಪ್ಟೆಂಬರಿನಲ್ಲಿ 'ಸೂಪರ್ ಮಾರಿಯೋ ಬ್ರದರ್ಸ್' ಬಂದಿತ್ತು. ಅದರಲ್ಲಿ ಮಾರಿಯೋ ಗಾಳಿಯಲ್ಲೇ ಅತ್ತಿತ್ತ ಸರಿಯಬಲ್ಲ. ಯಂತ್ರಕ್ಕೆ ಸಾಧ್ಯವಿದ್ದದ್ದನ್ನು ಸೈಮನ್ನನಿಗೆ ಕೊಡಲಿಲ್ಲವೆಂದರೆ ಅದು ಆಟ ಕಟ್ಟಿದವರ ನಿರ್ಧಾರ. ಮಾರಿಯೋನ ಆಟದಲ್ಲಿ ನೆಗೆದ ಮೇಲೂ ಮನಸ್ಸು ಬದಲಿಸಬಹುದು. ಇಲ್ಲಿ ನೆಗೆಯುವ ಮೊದಲೇ ಮನಸ್ಸು ಮಾಡಿರಬೇಕು. ಚಾವಟಿಯೂ ಹಾಗೆಯೇ. ಗುಂಡಿ ಒತ್ತಿದ ಮೇಲೆ ಕೈ ಹಿಂದಕ್ಕೆ ಹೋಗಿ ಮುಂದೆ ಬೀಸುವಷ್ಟರಲ್ಲಿ ಒಂದು ಚಿಕ್ಕ ಕ್ಷಣ ಕಳೆಯುತ್ತದೆ. ವೈರಿ ಎಲ್ಲಿದ್ದಾನೆಂದು ನೋಡಿ ಬೀಸಿದರೆ ತಪ್ಪುತ್ತದೆ, ಎಲ್ಲಿರುತ್ತಾನೆಂದು ಎಣಿಸಿ ಬೀಸಬೇಕು. ಈ ಬಿಗಿತವೇ ಆಟದ ವ್ಯಾಕರಣ. ಅದನ್ನು ದೋಷವೆನ್ನುವವರು ಯಕ್ಷಗಾನದ ವೇಷಧಾರಿಯ ಕಿರೀಟ ಭಾರವಾಯಿತೆಂದು ದೂರಿದಂತಾಗುತ್ತದೆ.

ಎರಡನೆಯ ತಕರಾರು ಹೆಚ್ಚು ಗಂಭೀರವಾದದ್ದು. ಅದು ಪೆಟ್ಟು ಬಿದ್ದೊಡನೆ ಹಿಂದಕ್ಕೆ ಚಿಮ್ಮುವ ವಿಚಾರ. ಹಿಂದೆ ಹೊಂಡವಿದ್ದರೆ ಮೈಯಲ್ಲಿ ಎಷ್ಟೇ ಶಕ್ತಿ ಉಳಿದಿದ್ದರೂ ವೀರ ಅದರಲ್ಲಿ ಬಿದ್ದು ಸಾಯುತ್ತಾನೆ. ಇದರೊಂದಿಗೆ ಮೆಡೂಸಾ ತಲೆಗಳು. ಇವು ಬರಿಯ ತಲೆಗಳು. ಗಾಳಿಯಲ್ಲಿ ಏರುತ್ತ ಇಳಿಯುತ್ತ ತೇಲಿ ಬರುತ್ತವೆ, ಎಷ್ಟು ಹೊಡೆದರೂ ಮತ್ತೆ ಬರುತ್ತವೆ. ಐದನೆಯ ಭಾಗದ ಕೊನೆಗೆ, ಮೃತ್ಯುವಿನ ಕೋಣೆಗೆ ಮುಂಚೆ, ಒಂದು ಓಣಿಯಿದೆ. ಅದರಲ್ಲಿ ಕೊಡಲಿ ಎಸೆಯುವ ಕವಚಧಾರಿಗಳೂ ಈ ತೇಲುವ ತಲೆಗಳೂ ಒಟ್ಟಿಗೇ ಮೇಲೆ ಬೀಳುತ್ತವೆ. ಅಷ್ಟರಲ್ಲಿ ಒಂದೊಂದು ಪೆಟ್ಟಿನ ತೂಕವೂ ಹೆಚ್ಚಿರುತ್ತದೆ. ಹದಿನಾರು ಗೆರೆಯ ಪೂರ್ಣ ಶಕ್ತಿಯಿದ್ದವನೂ ನಾಲ್ಕು ಪೆಟ್ಟಿಗೆ ಮುಗಿಯುತ್ತಾನೆ. ಲೋಕದಲ್ಲಿ ಈ ಆಟ ಆಡಿದವರೆಲ್ಲ ಈ ಓಣಿಯನ್ನು ಶಪಿಸಿದ್ದಾರೆ. ನಾವೂ ಶಪಿಸಿದೆವು. ಆದರೆ ಇಪ್ಪತ್ತು ಮೂವತ್ತು ಸಲ ಸತ್ತ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಆ ತಲೆಗಳ ದಾರಿ ಗಣಿತದ ಸೈನ್ ರೇಖೆಯಂತಿದೆ. ಎಲ್ಲಿ ಏರಬೇಕೋ ಅಲ್ಲೇ ಏರುತ್ತದೆ, ಎಲ್ಲಿ ಇಳಿಯಬೇಕೋ ಅಲ್ಲೇ ಇಳಿಯುತ್ತದೆ. ಒಮ್ಮೆಯೂ ಸುಳ್ಳು ಹೇಳುವುದಿಲ್ಲ. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತ ಆ ರೇಖೆ ನಮ್ಮ ಉಪಯೋಗಕ್ಕೆ ಬಂದದ್ದು ಪದವಿಯ ನಂತರ ಇದೇ ಮೊದಲು. ಹೆಜ್ಜೆ ಮುಂದಿಡುವ ಬದಲು ಒಂದು ಕ್ಷಣ ನಿಂತು, ರೇಖೆಯ ತಗ್ಗು ಬರುವಾಗ ಕುಳಿತು, ಉಬ್ಬು ಬರುವಾಗ ದಾಟಿದರೆ ಓಣಿಯ ಅರ್ಧದವರೆಗೆ ಹೋಗಬಹುದು.

ಅರ್ಧದವರೆಗೆ ಎಂದೆವು, ಸುಳ್ಳೇಕೆ ಹೇಳಬೇಕು? ಆದರೆ ಅಲ್ಲಿ ನಮಗೆ ಒಂದು ಅಳತೆಗೋಲು ಸಿಕ್ಕಿತು. ಆಟದ ಕಷ್ಟ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ ಆಟ ತಾನು ಹಾಕಿದ ನಿಯಮಕ್ಕೆ ತಾನು ಬದ್ಧವಾಗಿದೆಯೋ ಎಂಬುದೇ ಮುಖ್ಯ ಪ್ರಶ್ನೆ. ಈ ಕೋಟೆಯಲ್ಲಿ ಸತ್ತವನಿಗೆ ತಾನೇಕೆ ಸತ್ತೆನೆಂದು ತಿಳಿಯುತ್ತದೆ. ಅದಕ್ಕೇ ಆಟಗಾರರು ಇದನ್ನು 'ಕಷ್ಟ, ಆದರೆ ನ್ಯಾಯ' ಎನ್ನುತ್ತಾರೆ. ಎಲ್ಲ ಹಳೆಯ ಆಟಗಳಿಗೂ ಈ ಪ್ರಶಸ್ತಿ ಸಲ್ಲದು. 1985ರಲ್ಲಿ ಕ್ಯಾಪ್‌ಕಾಂ ಕಂಪನಿ ತಂದ 'ಘೋಸ್ಟ್ಸ್ ಎನ್ ಗಾಬ್ಲಿನ್ಸ್' ಇದೇ ಜಾತಿಯ ದೆವ್ವದ ಆಟ. ಒಂದು ಪೆಟ್ಟಿಗೆ ಕವಚ ಕಳಚಿ ವೀರ ಚಡ್ಡಿಯಲ್ಲಿ ಓಡುತ್ತಾನೆ, ಎರಡನೆಯ ಪೆಟ್ಟಿಗೆ ಎಲುಬಾಗುತ್ತಾನೆ. ಅಷ್ಟು ಪಾಡುಪಟ್ಟು ಕೊನೆ ಮುಟ್ಟಿದವನಿಗೆ "ಇದೆಲ್ಲ ಸೈತಾನನ ಮಾಯೆ, ಮೊದಲಿನಿಂದ ಇನ್ನೊಮ್ಮೆ ಆಡು" ಎಂಬರ್ಥದ ಮಾತು ಕಾದಿರುತ್ತದೆ. ಅದನ್ನು ಮೆಚ್ಚುವವರಿದ್ದಾರೆ, ಅದರ ಹಾಸ್ಯವನ್ನು ನಾವೂ ಮೆಚ್ಚುತ್ತೇವೆ. ನ್ಯಾಯವೆನ್ನಲು ಮಾತ್ರ ನಮ್ಮ ಮನಸ್ಸು ಒಪ್ಪದು. ಎಲ್ಲ ಕಾಗದ ಸರಿಯಿದ್ದರೂ 'ನಾಳೆ ಬನ್ನಿ' ಎನ್ನುವುದು ಎಂಥದ್ದೆಂದು ಗುಮಾಸ್ತರಾದ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಹಳೆಯ ಆಟಗಳೇಕೆ ಅಷ್ಟು ಕಷ್ಟವಾಗಿದ್ದವು? 'ಆಗಿನವರು ಗಟ್ಟಿಗರು' ಎಂಬುದು ನಮ್ಮ ಪ್ರಾಯದವರ ಮೆಚ್ಚಿನ ಉತ್ತರ. ನಿಜವಾದ ಕಾರಣಗಳು ಇಷ್ಟು ವೀರೋಚಿತವಲ್ಲ. ಒಂದು, ನಾಣ್ಯ. 'ಘೋಸ್ಟ್ಸ್ ಎನ್ ಗಾಬ್ಲಿನ್ಸ್' ಮೊದಲು ಬಂದದ್ದು ನಾಣ್ಯ ಹಾಕಿ ಆಡುವ ಯಂತ್ರದಲ್ಲಿ. ಅಲ್ಲಿ ಆಟಗಾರ ಬೇಗ ಸತ್ತಷ್ಟೂ ಮಾಲಿಕನಿಗೆ ಲಾಭ. ಎರಡು, ಜಾಗ. ಫ್ಯಾಮಿಕಾಂ ಯಂತ್ರದ ಕೆಲಸದ ಸ್ಮರಣೆ ಕೇವಲ 2 ಕಿಲೋಬೈಟ್. ಕ್ಯಾಸಲ್‌ವೇನಿಯಾದ ಇಡೀ ಕೋಟೆ, ಅದರ ರಕ್ಕಸರು, ಕಿನುಯೋ ಯಮಾಶಿತಾ ಮೊದಲಾದವರ ಸೊಗಸಾದ ಸಂಗೀತ ಎಲ್ಲ ಸೇರಿ 128 ಕಿಲೋಬೈಟಿನ ಕ್ಯಾಸೆಟ್ಟಿನಲ್ಲಿ ಹಿಡಿಸಿವೆ. ಬೆಳಿಗ್ಗೆ ಎದ್ದು ನಾವು ಮೊಬೈಲಿನಲ್ಲಿ ಕಳಿಸುವ ಒಂದು ಶುಭೋದಯದ ಚಿತ್ರಕ್ಕೇ ಎಷ್ಟೋ ಸಲ ಇದಕ್ಕಿಂತ ಹೆಚ್ಚು ಜಾಗ ಬೇಕಾಗುತ್ತದೆ. ಕೈಪಳಗಿದವನು ಅರ್ಧ ಗಂಟೆಯೊಳಗೆ ಮುಗಿಸಬಲ್ಲ ಆಟವನ್ನು ಕೊಂಡವನಿಗೆ ತಿಂಗಳುಗಟ್ಟಲೆ ಬಾಳಿಕೆ ಬರಬೇಕಾದರೆ ಅದು ಕಷ್ಟವಾಗಿರಲೇಬೇಕು. ಚಿಕ್ಕ ಮನೆಯಲ್ಲಿ ದೊಡ್ಡ ಸಂಸಾರ ನಡೆಸುವ ಮುಂಬಯಿಯವರಿಗೆ ಈ ಉಪಾಯ ಅರ್ಥವಾಗದೇ ಇರದು.

ಮೂರನೆಯ ಅಭಿಪ್ರಾಯವೇ ನಮ್ಮ ಮನೆಯಲ್ಲಿ ಜಗಳ ತಂದದ್ದು: 'ಸುಲಭದ ದಾರಿ ಹಿಡಿದವನು ಆಟಗಾರನೇ ಅಲ್ಲ.' ಇದನ್ನು ಹೇಳುವವರು ಹಳೆಯ ಗುರುಗಳ ಹೆಸರೆತ್ತುತ್ತಾರೆ. ಆದರೆ ಆ ಗುರುಗಳು ಏನು ಮಾಡಿದ್ದರು? ಕ್ಯಾಸಲ್‌ವೇನಿಯಾದಲ್ಲಿ ಎಲ್ಲ ಜೀವಗಳೂ ಮುಗಿದಾಗ 'ಮುಂದುವರಿಸುವೆಯಾ?' ಎಂಬ ಪ್ರಶ್ನೆ ಬರುತ್ತದೆ. ಹೌದೆಂದರೆ ಆ ಭಾಗದ ಮೊದಲಿನಿಂದ ಮತ್ತೆ ಹೊರಡಬಹುದು. ಇದಕ್ಕೆ ಮಿತಿಯಿಲ್ಲ. ನೂರು ಸಲ ಸತ್ತವನಿಗೂ ನೂರಾ ಒಂದನೆಯ ಸಲ ಬಾಗಿಲು ತೆರೆದಿರುತ್ತದೆ. ಅಂಗಡಿಯಲ್ಲಿ ಗಂಟೆ ಮುಗಿಯಿತೆಂದು ನಮ್ಮನ್ನು ಎಬ್ಬಿಸಿದವನು ಅಂಗಡಿಯವನೇ ಹೊರತು ಕೋಟೆಯ ಒಡೆಯನಲ್ಲ! ಇನ್ನೊಂದು ದೃಷ್ಟಾಂತ. ಕಾಂಟ್ರಾ ಆಡಿದವರೆಲ್ಲ ಮಂತ್ರದಂತೆ ಒತ್ತುತ್ತಿದ್ದ ಗುಂಡಿಗಳ ಕ್ರಮ ನೆನಪಿದೆಯೇ? ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಮೂರು ಜೀವದ ಬದಲು ಮೂವತ್ತು ಜೀವ. ಆ ಕ್ರಮವನ್ನು ಮೊದಲು ಅಳವಡಿಸಿದವರು ಕೊನಾಮಿಯ ಕಜುಹಿಸಾ ಹಶಿಮೊತೊ. 1986ರಲ್ಲಿ 'ಗ್ರೇಡಿಯಸ್' ಎಂಬ ಆಟವನ್ನು ಫ್ಯಾಮಿಕಾಂಗೆ ಹೊಂದಿಸುತ್ತಿದ್ದಾಗ ಪರೀಕ್ಷೆಗಾಗಿ ಆಡಿ ನೋಡಬೇಕಾಯಿತು. ಅದು ತಮಗೇ ಕಷ್ಟವೆನಿಸಿದ್ದರಿಂದ ಈ ಹಿಂಬಾಗಿಲು ಇಟ್ಟುಕೊಂಡರು. 2020ರಲ್ಲಿ ಅವರು ತೀರಿಕೊಂಡಾಗ ಜಗತ್ತಿನ ಆಟಗಾರರೆಲ್ಲ ಅವರನ್ನು ನೆನೆದದ್ದು ಆ ಹಿಂಬಾಗಿಲಿಗಾಗಿಯೇ. ಆಟ ಕಟ್ಟಿದವನಿಗೆ ಇಲ್ಲದ ನಾಚಿಕೆ ಆಡುವ ಹುಡುಗನಿಗೇಕೆ? ಹುಡುಗರಾಗಿದ್ದಾಗ ಆ ಮೂವತ್ತು ಜೀವಗಳ ಮೇಲೆಯೇ ಕಾಂಟ್ರಾ ಮುಗಿಸಿದ ನಾವು ಮಗನನ್ನು ಕಂಡು ನಕ್ಕೆವಲ್ಲ, ಅದನ್ನು ಏನೆನ್ನಬೇಕು?

ಹಾಗೆಂದು ಸುಲಭವಾದದ್ದೆಲ್ಲ ಒಳ್ಳೆಯದೆನ್ನಲಾರೆವು. ಇಲ್ಲಿ 'ಕರ್ಸ್ ಆಫ್ ದ ಮೂನ್' ಮೇಲೆ ನಮ್ಮದೇ ಒಂದು ತಕರಾರಿದೆ. ಅದರ ಕ್ಯಾಶುಯಲ್ ರೀತಿಯಲ್ಲಿ ಎರಡು ಸೌಲಭ್ಯಗಳನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿದ್ದಾರೆ: ಲೆಕ್ಕವಿಲ್ಲದ ಜೀವ ಒಂದು, ಹಿಂದಕ್ಕೆ ಚಿಮ್ಮದಿರುವುದು ಇನ್ನೊಂದು. ನೋಡಲು ಎರಡೂ ದಯೆಯೇ. ಆಡಿ ನೋಡಿದರೆ ಎರಡರ ಗುಣ ಬೇರೆ. ಲೆಕ್ಕವಿಲ್ಲದ ಜೀವ ಆಟದ ಯಾವ ಪಾಠವನ್ನೂ ಕಳೆಯುವುದಿಲ್ಲ. ಕಲಿಯಲು ಬೇಕಾದ ಸಮಯವನ್ನು ಕೊಡುತ್ತದೆ, ಅಷ್ಟೆ. ಹೊಂಡ ಹೊಂಡವಾಗಿಯೇ ಇರುತ್ತದೆ, ದಾಟಲು ಕಲಿಯುವವರೆಗೆ ದಾಟಲಾಗದು. ಹಿಂದಕ್ಕೆ ಚಿಮ್ಮುವುದನ್ನು ತೆಗೆದರೆ ಪಾಠವೇ ಹೋಗುತ್ತದೆ. ವೈರಿಯ ಮೈಗೆ ಮೈ ತಾಗಿಸಿಕೊಂಡೇ ಓಣಿಯನ್ನು ದಾಟಿಬಿಡಬಹುದು. ಆ ಹೊಂಡವನ್ನು ಅಲ್ಲಿ, ಆ ವೈರಿಯನ್ನು ಅದರ ಅಂಚಿನಲ್ಲಿ ಏಕೆ ಇಟ್ಟಿದ್ದಾರೆಂಬುದು ಆಡಿದವನಿಗೆ ತಿಳಿಯುವುದೇ ಇಲ್ಲ. ಪದ್ಯವನ್ನು ನಿಧಾನವಾಗಿ ಹೇಳಿಕೊಡುವುದು ಬೇರೆ, ಪದ್ಯದ ಪ್ರಾಸವನ್ನೇ ಕಿತ್ತುಹಾಕುವುದು ಬೇರೆ. ಇವೆರಡನ್ನೂ ಬಿಡಿಬಿಡಿಯಾಗಿ ಆರಿಸಿಕೊಳ್ಳುವಂತೆ ಇಟ್ಟಿದ್ದರೆ ಆಟದ ಮರ್ಯಾದೆಯೂ ಉಳಿಯುತ್ತಿತ್ತು, ಹೊಸಬನಿಗೆ ಅನುಕೂಲವೂ ಆಗುತ್ತಿತ್ತು. 2019ರ ಸಂಪುಟದಲ್ಲಿ ಹಳೆಯ ಆಟವನ್ನು ಬೇಕಾದಲ್ಲಿ ನಿಲ್ಲಿಸಿ ಗುರುತು ಹಾಕಿಕೊಂಡು, ಸತ್ತರೆ ಅಲ್ಲಿಂದಲೇ ಎದ್ದು ಹೊರಡುವ ಸೌಲಭ್ಯವಿದೆ. ನಮ್ಮಂಥ ಸಂಸಾರಿಗಳು ಅಡುಗೆಮನೆಯಿಂದ ಕರೆ ಬಂದಾಗ ಎದ್ದುಹೋಗಲು ಅದು ಬೇಕೇಬೇಕು. ಹೆಜ್ಜೆಗೊಂದು ಗುರುತು ಹಾಕುತ್ತ ಹೋದರೆ ಮಾತ್ರ ಪುಸ್ತಕದ ಪ್ರತಿ ಅಕ್ಷರದ ಮೇಲೂ ಬೆರಳಿಟ್ಟು ಓದಿದಂತೆ. ಪುಟ ಮುಗಿಯುತ್ತದೆ, ಅರ್ಥ ಹತ್ತುವುದಿಲ್ಲ.

ಹೊಸ ಆಟದ ಬಗ್ಗೆ ಅನುಭವಿಗಳು ಹೇಳುವ ಇನ್ನೊಂದು ಮಾತು, 'ವೆಟರನ್ ರೀತಿಯಲ್ಲೂ ಇದು ಸುಲಭ' ಎಂಬುದು. ಅದಕ್ಕೆ ಕಾರಣವಿದೆ. ಕಥಾನಾಯಕ ಜಾಂಗೆತ್ಸು ಕತ್ತಿ ಹಿಡಿದು ಒಬ್ಬನೇ ಹೊರಟರೂ ದಾರಿಯಲ್ಲಿ ಮೂವರು ಸಿಗುತ್ತಾರೆ: ಚಾವಟಿಯ ಹುಡುಗಿ ಮಿರಿಯಂ, ಮಂತ್ರ ಬಲ್ಲ ಮುದುಕ ಆಲ್‌ಫ್ರೆಡ್, ಬಾವಲಿಯಾಗಬಲ್ಲ ಗೇಬೆಲ್. ಒಬ್ಬ ಬಿದ್ದರೆ ಇನ್ನೊಬ್ಬನಾಗಿ ಆಡಬಹುದು. ನಾಲ್ವರೂ ಬಿದ್ದಾಗಲೇ ಒಂದು ಜೀವ ಹೋದಂತೆ. ಆದರೆ ಇವರನ್ನು ಜೊತೆಗೆ ಕರೆದುಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. ಕಂಡೂ ಕಾಣದಂತೆ ಮುಂದೆ ಹೋಗಬಹುದು. ಬೇಕಾದರೆ ಕೊಂದು ತನ್ನ ಬಲ ಹೆಚ್ಚಿಸಿಕೊಳ್ಳಲೂ ಬಹುದು! ಕಷ್ಟ ಎಷ್ಟಿರಬೇಕೆಂಬುದನ್ನು ಇಲ್ಲಿ ಪಟ್ಟಿಯಿಂದ ಆರಿಸುವುದಲ್ಲ, ದಾರಿಯಲ್ಲಿ ಸಿಕ್ಕವರೊಡನೆ ಹೇಗೆ ನಡೆದುಕೊಂಡೆವೆಂಬುದೇ ತೀರ್ಮಾನಿಸುತ್ತದೆ. ಇದನ್ನು ನಾವು ಈ ಆಟದ ಅತ್ಯುತ್ತಮ ಕಲ್ಪನೆಯೆನ್ನುತ್ತೇವೆ. ಮೂವರಲ್ಲಿ ಆಲ್‌ಫ್ರೆಡ್ಡನಿಗೆ ಮೈಯಲ್ಲಿ ಕಸುವಿಲ್ಲ, ಎರಡು ಪೆಟ್ಟಿಗೆ ಸುಸ್ತಾಗುತ್ತಾನೆ. ಆದರೆ ಇತರರ ಕೈಲಾಗದ ಸಂದರ್ಭದಲ್ಲಿ ಅವನ ಒಂದು ಮಂತ್ರ ಕೆಲಸ ಸಾಧಿಸುತ್ತದೆ. ನಿವೃತ್ತಿಗೆ ಹತ್ತಿರವಾದ ಹೆಡ್ ಕ್ಲರ್ಕುಗಳನ್ನು ಕಂಡ ನಮಗೆ ಅವನ ಮೇಲೆ ಗೌರವ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಆ ಹಾಲಿನ ವಿಚಾರ. ನಾಲ್ಕು ವರ್ಷಗಳ ಹಿಂದೆ ಉಪನಗರದ ಒಂದು ಸಭಾಗೃಹದಲ್ಲಿ ರಾಜ್ಯೋತ್ಸವದ ಅಂಗವಾಗಿ ಮಕ್ಕಳ ಭಾಷಣ ಸ್ಪರ್ಧೆಯಿತ್ತು. ನಮ್ಮ ಮಗ 'ನನ್ನ ಅಜ್ಜಿಯ ಮನೆ' ಎಂಬ ವಿಷಯದ ಮೇಲೆ ಮಾತನಾಡಿದ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ, ಕೆಳಗಿನ ಮನೆಯಲ್ಲಿ ಮರಾಠಿ, ಅದರ ಮೇಲೆ ನಮ್ಮ ಅರೆಬರೆ ಕನ್ನಡ—ಇವುಗಳ ನಡುವೆ ಬೆಳೆದ ಹುಡುಗ. ಎರಡು ವಾರ ಅಭ್ಯಾಸ ಮಾಡಿದ್ದ. ವೇದಿಕೆಯ ಮೇಲೆ ನಿಂತು, "ಸ್ಟೇಷನ್ನಿಗೆ ನನ್ನ ಅಜ್ಜಿ ಬಂದನು" ಎಂದುಬಿಟ್ಟ. ಸಭೆ ಗೊಳ್ಳೆಂದಿತು. ಯಾರೋ ಹಿಂದಿನ ಸಾಲಿನಿಂದ "ಅಜ್ಜಿಗೆ ಮೀಸೆ ಇದೆಯೇನೋ?" ಎಂದರು. ಇನ್ನಷ್ಟು ನಗು. ಮುಂದಿನ ಸಾಲಿನಲ್ಲಿದ್ದ ನಾವೂ ನಕ್ಕೆವು. ಹುಡುಗ ಉಳಿದ ಮಾತನ್ನು ಹೇಳದೆ ಇಳಿದು ಬಂದ. ಅಂದಿನಿಂದ ಅವನು ಯಾವ ಕನ್ನಡದ ವೇದಿಕೆಯನ್ನೂ ಹತ್ತಿಲ್ಲ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾನೆ. ಊರಿಂದ ನಮ್ಮ ತಾಯಿ ಫೋನು ಮಾಡಿದಾಗ ಎರಡು ಮಾತಾಡಿ ಅಮ್ಮನ ಕೈಗೆ ಕೊಡುತ್ತಾನೆ. ಇಷ್ಟು ವರ್ಷ ಇದನ್ನು ನಾವು ಮುಂಬಯಿಯ ತಲೆಗೆ ಕಟ್ಟಿದ್ದೆವು.

ನಮ್ಮ ಸಂಘ ಸಂಸ್ಥೆಗಳಲ್ಲಿ ಮಕ್ಕಳ ಕನ್ನಡದ ಬಗ್ಗೆ ಎರಡು ಪಕ್ಷಗಳಿವೆ. ಒಂದು ಪಕ್ಷಕ್ಕೆ ಶುದ್ಧ ಕನ್ನಡ ಬಾರದವನು ಕನ್ನಡಿಗನೇ ಅಲ್ಲ. ಇನ್ನೊಂದು ಪಕ್ಷ, "ಪಾಪ, ಮಕ್ಕಳು, ಹೇಗೆ ಮಾತಾಡಿದರೂ ಚಪ್ಪಾಳೆ ತಟ್ಟಿ, ಎಲ್ಲರಿಗೂ ಬಹುಮಾನ ಕೊಡಿ" ಎನ್ನುತ್ತದೆ. ಕೋಟೆಯಲ್ಲಿ ಅಷ್ಟು ಸಲ ಸತ್ತ ಮೇಲೆ ನಮಗೆ ಎರಡೂ ಸರಿಯೆನಿಸುವುದಿಲ್ಲ. 'ಅಜ್ಜಿ ಬಂದನು' ತಪ್ಪು. ಅದನ್ನು ತಪ್ಪೆನ್ನದಿದ್ದರೆ ಭಾಷೆಯ ಓಣಿಯಲ್ಲಿ ಹೊಂಡವನ್ನೇ ಮುಚ್ಚಿದಂತೆ, ಆ ಹುಡುಗ ದಾಟಿದ್ದಕ್ಕೂ ಅರ್ಥವಿಲ್ಲ. ಆದರೆ ತಪ್ಪಿದವನಿಗೆ ಇನ್ನೊಂದು ಜೀವ ಬೇಕು, ಮತ್ತೊಂದು, ಮಗದೊಂದು. ಮೂವತ್ತಾದರೂ ಸರಿ. "ಬಂದನು ಅಲ್ಲ ಮಗು, ಬಂದಳು. ಇನ್ನೊಮ್ಮೆ ಹೇಳು" ಎಂದು ಅಂದು ಒಬ್ಬರು ಹೇಳಿದ್ದರೆ ಸಾಕಿತ್ತು. ಆ ಒಬ್ಬರು ನಾವೇ ಆಗಬಹುದಿತ್ತು. ಮುಂದಿನ ಸ್ಪರ್ಧೆಯ ನಿಯಮಾವಳಿಯಲ್ಲಿ ಒಂದು ಸಾಲು ಸೇರಿಸಬೇಕೆಂದು ಪದಾಧಿಕಾರಿಗಳನ್ನು ವಿನಂತಿಸುತ್ತೇವೆ: ತಪ್ಪಿದ ವಾಕ್ಯವನ್ನು ಸ್ಪರ್ಧಿ ಎಷ್ಟು ಸಲವಾದರೂ ತಿದ್ದಿ ಹೇಳಬಹುದು, ಅದಕ್ಕೆ ಅಂಕ ಕಳೆಯತಕ್ಕದ್ದಲ್ಲ. ಪ್ರೇಕ್ಷಕರಿಗಾಗಿ ಒಂದು ನಿಯಮವಿದ್ದರೆ ಇನ್ನೂ ಒಳ್ಳೆಯದು.

ಮಗನಿಗೆ ನಾವು ಕ್ಷಮೆ ಕೇಳಿದೆವು. ಕನ್ನಡದಲ್ಲೇ ಕೇಳಿದೆವು. ಅವನು "ಹೋಗ್ಲಿ ಬಿಡಿ ಅಪ್ಪಾ" ಎಂದ. ಕ್ಯಾಶುಯಲ್ ರೀತಿಯಲ್ಲಿ ಆಟ ಮುಗಿಸಿದ ಮೇಲೆ ಈಗ ತಾನಾಗಿಯೇ ವೆಟರನ್ ಹಿಡಿದಿದ್ದಾನೆ, ನಾವು ಹೇಳಿದ್ದಲ್ಲ. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿದ್ದಾನೆ. ನಾವು ಹಳೆಯ ಕೋಟೆಯ ಓಣಿಯಲ್ಲಿ ಸಿಕ್ಕಿಕೊಂಡಿದ್ದೇವೆ. ರಾತ್ರಿ ಊಟವಾದ ಮೇಲೆ ಸರದಿಯ ಮೇಲೆ ಕುಳಿತು ಒಬ್ಬರು ಸತ್ತಾಗ ಇನ್ನೊಬ್ಬರು ಏಕೆಂದು ಹೇಳುತ್ತೇವೆ. ಆ ಮಾತು ಒಮ್ಮೊಮ್ಮೆ ಕನ್ನಡದಲ್ಲಿ ನಡೆಯುತ್ತದೆ. ಈ ಸಲದ ರಾಜ್ಯೋತ್ಸವದ ಭಾಷಣ ಸ್ಪರ್ಧೆಗೆ ಅವನು ಹೆಸರು ಕೊಟ್ಟಿಲ್ಲ. ಕೊಡು ಎಂದು ನಾವೂ ಹೇಳಿಲ್ಲ.